ಕಿಡಿಶಾಸ್ತ್ರಿಗಳು

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಿಮ್ಮ ಮೋಟಾರು ಸೈಕಲ್ಲು, ಅದರಲ್ಲಿಯೂ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಬಾಗಿಲು ಮುಚ್ಚುವ ಮುನ್ನ ಲೋಕಕ್ಕೆ ದಯಪಾಲಿಸಿದ ಯೆಜ್ಡಿಗಳಲ್ಲೊಂದು, ಹಠಾತ್ತನೆ ನಿಂತುಹೋಯಿತೆನ್ನಿ. ನೀವು ಇಳಿದು, ಹಣೆಯ ಬೆವರನ್ನೊರೆಸಿಕೊಂಡು, ಗೇರಿಗೂ ಕಿಕ್ಕಿಗೂ ತಾನೊಂದೇ ದುಡಿಯುವ ಆ ಬಡಪಾಯಿ ಸನ್ನೆಯನ್ನು ಮತ್ತೊಮ್ಮೆ ತುಳಿಯುವಷ್ಟರಲ್ಲಿ ಮಹನೀಯರೊಬ್ಬರು ಪಕ್ಕದಲ್ಲಿ ಆವಿರ್ಭವಿಸಿರುತ್ತಾರೆ. ಇವರು ಮೆಕ್ಯಾನಿಕ್ಕಲ್ಲ, ಮೆಕ್ಯಾನಿಕ್ಕಿಗೆ ಕೂಲಿಯ ಚಿಂತೆಯುಂಟು, ಇವರದು ಕೇವಲ ನಿಷ್ಕಾಮ ಕರ್ಮ. ಕಿಡಿಶಾಸ್ತ್ರಿಗಳೆಂಬ ಬಿರುದು ಇವರಿಗೆ ಸಲ್ಲತಕ್ಕದ್ದು.

"ಕರೆಂಟ್ ಬರ್ತಿಲ್ಲ ಸಾರ್" ಎಂಬುದು ಅವರ ಮಂಗಳಾಚರಣೆ. ಗಾಡಿಯ ಹತ್ತಿರ ಬಗ್ಗುವುದಕ್ಕೂ ಮೊದಲೇ ಹೊರಬಿದ್ದ ಈ ಸಿದ್ಧಾಂತಕ್ಕೆ ಪ್ರಮಾಣಗಳನ್ನು ಒದಗಿಸುವ ಭಾರ ಮಾತ್ರ ನಿಮ್ಮ ಕೈಗಳದು, ಏಕೆಂದರೆ ಶಾಸ್ತ್ರಿಗಳು ತಾವಾಗಿ ಏನನ್ನೂ ಬಿಚ್ಚುವವರಲ್ಲ, ಬಿಚ್ಚಿಸುವವರು. ಪ್ಲಗ್ಗಿನ ತುದಿ ಪೆಟ್ರೋಲಿನಲ್ಲಿ ತೊಯ್ದಿದ್ದರೆ ಎಣ್ಣೆ ಬರುತ್ತಿದೆ, ಕಿಡಿ ಹುಟ್ಟುತ್ತಿಲ್ಲವೆಂದೂ, ಒಣಗಿದ್ದರೆ ಎಣ್ಣೆಯೇ ತಲುಪಿಲ್ಲವೆಂದೂ ಬಲ್ಲವರು ಹೇಳುವರು; ಅದು ದಿಟವೇ. ಆದರೆ ಪ್ಲಗ್ಗು ಒಣಗಿದ್ದರೂ ನಮ್ಮ ಶಾಸ್ತ್ರಿಗಳು ಪಕ್ಷವನ್ನು ಬಿಟ್ಟುಕೊಡರು: "ಬಿಸಿಗೆ ಆರಿದೆ ಅಷ್ಟೇ ಸಾರ್." ಬಳಿಕ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿನ ತಲೆಗೆ ತಾಗಿಸಿ, ಕಿಕ್ ಹೊಡೆಸುವರು. ನೀಲಿಯ ಕಿಡಿ ಚಟ್ಟನೆ ಹಾರಿದರೆ ಕ್ಷೇಮ, ಹಳದಿಯಾಗಿ ಮಿಣುಕಿದರೆ ದೌರ್ಬಲ್ಯ. ನಡುಹಗಲಿನ ಬಿಸಿಲಿನಲ್ಲಿ ನಿಮಗೆ ಯಾವ ಬಣ್ಣವೂ ಕಾಣದಿರುವುದರಿಂದ ಇಲ್ಲಿ ಅವರ ಕಣ್ಣೇ ಪರಮಪ್ರಮಾಣ.

ತದನಂತರ ಬಲಬದಿಯ ಮುಚ್ಚಳ ಕಳಚಿ ಪಾಯಿಂಟಿನ ದರ್ಶನ. ಅದು ತೆರೆದುಕೊಳ್ಳಬೇಕಾದ ಅಂತರ ಸುಮಾರು 0.4 ಮಿಲಿಮೀಟರು. ಇದನ್ನಳೆಯಲು ಫೀಲರ್ ಗೇಜೆಂಬ ಉಕ್ಕಿನ ಎಲೆಗಳುಂಟು. ಶಾಸ್ತ್ರಿಗಳಾದರೋ ಯಾರದೋ ಮದುವೆಯ ಕರೆಯೋಲೆಯ ಮೂಲೆಯನ್ನು ಹರಿದುಕೊಟ್ಟು ತೂರಿಸೆನ್ನುವರು. ಪಾಯಿಂಟು ಕರಿಹಿಡಿದಿದ್ದರೆ ಕಂಡೆನ್ಸರಿನ ಉಪನ್ಯಾಸ ಆರಂಭವಾಯಿತೆಂದೇ ತಿಳಿಯಿರಿ: ಪಾಯಿಂಟು ಬಿಡುವಾಗ ಅಲ್ಲಿಯೇ ಸಿಡಿಯಬಯಸುವ ವಿದ್ಯುತ್ತನ್ನು ಅದು ಹೇಗೆ ನುಂಗುವುದು, ನುಂಗದಿದ್ದರೆ ಕಾಯಿಲಿನ ಶಕ್ತಿ ಹೇಗೆ ಕುಂದುವುದು, ಈಗಿನ ಕಂಡೆನ್ಸರುಗಳೇಕೆ ಹಿಂದಿನವುಗಳಂತಿಲ್ಲ, ಈಗಿನ ಹುಡುಗರೇಕೆ ಹಿಂದಿನವರಂತಿಲ್ಲ.

ಕುಣಿಗಲ್ಲಿನ ಶಾಸ್ತ್ರಿಗಳ ಸಂಪ್ರದಾಯವೇ ಬೇರೆ. ಟಿಪ್ಪುವಿನ ಕಾಲದಿಂದ ಕುದುರೆಗಳನ್ನು ಕಂಡ ಊರಾದ್ದರಿಂದಲೋ ಏನೋ, ಅವರು ಪ್ಲಗ್ಗನ್ನು ನೋಡುವ ಮೊದಲು ಸವಾರನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ದೋಷವು ಬಹುಮಟ್ಟಿಗೆ ಅಲ್ಲಿಯೇ ಸಿಕ್ಕಿಬಿಡುತ್ತದೆ.

ಇಷ್ಟಾದರೂ ಶಾಸ್ತ್ರಿಗಳ ಕೀರ್ತಿ ಸುಳ್ಳಲ್ಲ. ಗಾಡಿ ಕಡೆಗೆ ಹೊರಟೇ ಹೊರಡುತ್ತದೆ. ಹಳೆಯ ಕಾಯಿಲು ಕಾದಾಗ ಅದರ ಒಳಗಿನ ಅವಾಹಕ ಹೊದಿಕೆ ಸೋತು ವಿದ್ಯುತ್ತು ಒಳಗೊಳಗೇ ಸೋರಿಹೋಗುವುದೂ, ತಣಿದೊಡನೆ ಅದೇ ಕಾಯಿಲು ಏನೂ ಅರಿಯದಂತೆ ಕಿಡಿಗರೆಯುವುದೂ ಪ್ರಸಿದ್ಧ. ತಣಿಯಲು ಬೇಕಾದಷ್ಟು ಹೊತ್ತು ಯಾರಾದರೂ ಮಾತನಾಡುತ್ತಿದ್ದರೆ ಸಾಕು. ಚಿಕಿತ್ಸೆಯೆಲ್ಲ ಆ ಉಪನ್ಯಾಸದ ಉದ್ದದಲ್ಲಿತ್ತೆಂದು ಶಾಸ್ತ್ರಿಗಳೂ ಅರಿಯರು, ಹೊಗೆಯೆಬ್ಬಿಸಿಕೊಂಡು ಹೊರಟ ನೀವೂ ಅರಿಯಿರಿ. "ನಾನ್ ಹೇಳ್ಲಿಲ್ವಾ ಸಾರ್?" ಎಂಬ ಮಾತು ಬೆನ್ನಟ್ಟಿ ಬರುತ್ತದೆ.

ಹೆಗ್ಗೆರೆ ದಾಟಿ ಮಲ್ಲಸಂದ್ರವೂ ಹಿಂದಾಯಿತು. ವೀರಣ್ಣನವರ ನಾಟಕದ ಊರಾದ ಗುಬ್ಬಿ ಕಣ್ಣಿಗೆ ಬೀಳುವ ವೇಳೆಗೆ ಕಾಯಿಲು ಮರಳಿ ಕಾದು, ಯೆಜ್ಡಿ ಮರಳಿ ಮೌನವ್ರತ ಹಿಡಿದು, ಅಲ್ಲಿಯ ಮಹನೀಯರು ಪ್ರವೇಶಿಸಿ, ಮುಚ್ಚಳ ಬಿಚ್ಚಿಸಿ, ಪಾಯಿಂಟಿನ ಪಕ್ಕದಲ್ಲಿ ಉಳಿದುಹೋಗಿದ್ದ ಕರೆಯೋಲೆಯ ಚೂರನ್ನು ಎರಡು ಬೆರಳಿನಲ್ಲಿ ಮೇಲೆತ್ತಿ, ನೆರೆದ ಜನಕ್ಕೆಲ್ಲ ತೋರಿಸುತ್ತ ಕೇಳುವರು: "ತುಮಕೂರಿನವರ ಕೈಗೆ ಯಾಕ್ ಕೊಟ್ರಿ ಸಾರ್ ಗಾಡೀನ?"