ಎಡಚಕ್ರದ ಮಹಾತ್ಮೆ

ಮಸಲ್ ಕಾರು ಎಂದರೆ ಅಮೆರಿಕದವರ ಲೆಕ್ಕದಲ್ಲಿ 1964ರ ಪಾಂಟಿಯಾಕ್ ಜಿಟಿಒದಿಂದ ಈಚಿನ ತಳಿ. ನಡುಗಾತ್ರದ ಮೈ, ಅದಕ್ಕೆ ಮೀರಿದ ವಿ-8 ಎಂಜಿನ್. 1966ರ ಡಾಜ್ ಚಾರ್ಜರ್‌ಗೆ ಹೆಮಿ ಎಂಜಿನ್ ಕೂರಿಸಿಕೊಂಡವರಿಗೆ 425 ಅಶ್ವಶಕ್ತಿ. ನನ್ನದೂ ಡಾಜೇ. 1953ರ ಕಿಂಗ್ಸ್‌ವೇ, ಆರು ಸಿಲಿಂಡರು, ಅಶ್ವಗಳು ನೂರರ ಆಸುಪಾಸು. ಅವುಗಳಲ್ಲೂ ಕೆಲವು ನಿವೃತ್ತಿ ಪಡೆದಿವೆ. ಆದರೂ ಮುಂಬಯಿ ಪವಾಯಿಯ ನಮ್ಮ ಸೊಸೈಟಿಯಲ್ಲಿ ಇದನ್ನು ಮಸಲ್ ಕಾರೆಂದೇ ಪರಿಚಯಿಸುತ್ತೇನೆ. ಒಮ್ಮೆ ತಳ್ಳಿದವರು ಆ ಹೆಸರನ್ನು ಪ್ರಶ್ನಿಸಿದ್ದಿಲ್ಲ.

ಅಮೆರಿಕನ್ ಎಂದರೂ ಇದು ಹುಟ್ಟಿದ್ದು ಇಲ್ಲೇ ಪಕ್ಕದ ಕುರ್ಲಾದಲ್ಲಿ. ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಆಟೋಮೊಬೈಲ್ಸ್ ಕ್ರೈಸ್ಲರ್ ಜೊತೆ ಒಪ್ಪಂದ ಮಾಡಿಕೊಂಡು ಡಾಜ್, ಡಿಸೋಟೊ, ಪ್ಲಿಮತ್ ಜೋಡಿಸುತ್ತಿತ್ತು. ಮೂರಕ್ಕೂ ಹೆಚ್ಚುಕಡಿಮೆ ಒಂದೇ ಮೈ, ಹಣೆಯ ಬಿಲ್ಲೆ ಬೇರೆ. ಮುಂಬಯಿಯ ಫಿಯೆಟ್, ಪದ್ಮಿನಿಗಳೆಲ್ಲ ಇದರ ಒಡಹುಟ್ಟಿದವು.

ನನಗೂ ಆಸೆಗಳಿದ್ದವು. ಗುಡುಗುವ ವಿ-8, ಅಗಲ ಟೈರು, ಬಾನೆಟ್ ಮೇಲೆ ಬೆಂಕಿಯ ಜ್ವಾಲೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬಂತು. ತಯಾರಕರು ಕೊಟ್ಟ ಮೂಲ ವಿವರಗಳನ್ನು ಬದಲಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿತು. 2021ರ ವಿಂಟೇಜ್ ನಿಯಮವಂತೂ ಇನ್ನೂ ಸೊಗಸು. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನವನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆಗೆ ಒಯ್ಯಬಹುದು, ಪೆಟ್ರೋಲ್ ತುಂಬಿಸಲು ಮತ್ತು ರಿಪೇರಿಗೆ ಒಯ್ಯಬಹುದು. ಅಂದರೆ ಪೆಟ್ರೋಲ್ ಹಾಕಿಸಲು ರಸ್ತೆಗೆ ಬರಬಹುದು, ಹಾಕಿಸಿದ್ದನ್ನು ಸುಮ್ಮನೆ ಸುತ್ತಾಡಿ ಮುಗಿಸುವಂತಿಲ್ಲ. ಕಡೆಗೆ ನಾನು ಮಾಡಿಸಿದ ಏಕೈಕ ಮಾರ್ಪಾಡು, ಸೀಟಿಗೆ ಇಳಕಲ್ ಸೀರೆಯ ಕವರು. ಸೀರೆ ಯಾರದೆಂದು ಬರೆದರೆ ಮನೆಯಲ್ಲೂ ಒಂದು ಕಲಂ ಜಾರಿಯಾದೀತು.

ಅಂಥದೊಂದು ಕಾನೂನುಬದ್ಧ ಪೆಟ್ರೋಲ್ ಯಾತ್ರೆಯಲ್ಲಿ, ಐಐಟಿ ಮುಖ್ಯದ್ವಾರದ ಎದುರು, ಎಡಗಡೆಯ ಮುಂದಿನ ಚಕ್ರ ಉಸಿರು ಬಿಟ್ಟಿತು. ಆ ಕಾಲದ ಕ್ರೈಸ್ಲರ್ ಕಾರುಗಳ ಎಡಚಕ್ರದ ಬೋಲ್ಟುಗಳಿಗೆ ಉಲ್ಟಾ ತಿರುಪು. ಚಕ್ರ ಉರುಳಿದಂತೆ ಬೋಲ್ಟು ಸಡಿಲವಾಗಬಾರದೆಂಬ ದೂರಾಲೋಚನೆ. ಬಿಚ್ಚಬೇಕೆಂದರೆ ಲೋಕವೆಲ್ಲ ಬಿಗಿಮಾಡುವ ಕಡೆಗೇ ತಿರುಗಿಸಬೇಕು. ಇದು ನನಗೆ ಗೊತ್ತಿತ್ತು. ಪಂಕ್ಚರಿನವನಿಗೆ ಗೊತ್ತಿರಲಿಲ್ಲ, ಅವನು ಕೇಳಲೂ ಇಲ್ಲ. ಪಾನಾ ಸಿಕ್ಕಿಸಿ ಜಗ್ಗಿದ. "ಜಾಮ್ ಹೋ ಗಯಾ ಸಾಬ್!" ರಿಕ್ಷಾದವನೊಬ್ಬ ಇಳಿದು ಬಂದು ಪಾನಾದ ಮೇಲೆ ನಿಂತು ಕುಣಿದ. "ಉಲ್ಟಾ ಘುಮಾವೋ" ಎಂದೆ. ಎಳನೀರಿನವನು ಕೊಬ್ಬರಿ ಎಣ್ಣೆ ಬಿಡಲು ಹೇಳಿದ. ಬೆಸ್ಟ್ ಬಸ್ಸಿನ ಡ್ರೈವರ್ ಕಿಟಕಿಯಿಂದಲೇ ಸುತ್ತಿಗೆ ಶಿಫಾರಸು ಮಾಡಿದ. ಹಿಂದೆ ನಿಂತ ಇಡೀ ಜೋಗೇಶ್ವರಿ-ವಿಕ್ರೋಳಿ ರಸ್ತೆ ಹಾರ್ನ್ ಹೊಡೆದು ಅನುಮೋದಿಸಿತು. ಕನ್ನಡಕದ ಐಐಟಿ ಹುಡುಗ ಬಲ ಹೆಚ್ಚಿಸುವುದು ಬೇಡ, ದೂರ ಹೆಚ್ಚಿಸಿ ಎಂದು ಕಟ್ಟಡದ ಕೆಲಸದ ಕಡೆಯಿಂದ ಕಬ್ಬಿಣದ ಪೈಪು ತಂದ. ಪೈಪಿಗೆ ಮೂವರು ಜೋತುಬಿದ್ದರು. ವಿಜ್ಞಾನ ಸರಿಯಾಗಿಯೇ ಕೆಲಸ ಮಾಡಿ, ಬೋಲ್ಟು ಇನ್ನಷ್ಟು ಬಿಗಿಯಾಯಿತು. "ಉಲ್ಟಾ!" ಎಂದು ಮತ್ತೆ ಕೂಗಿದೆ. ಸೀಟಿನಿಂದ ನನ್ನ ಹೆಂಡತಿ, "ರೀ, ನೀವು ಸ್ವಲ್ಪ ಸುಮ್ಮನಿರಿ. ತಿಳಿದವರು ಮಾಡ್ತಿದ್ದಾರೆ," ಅಂದಳು.

ಆಗ ಬಂದವನು ಬಿಳಿಗಡ್ಡದ ಟ್ಯಾಕ್ಸಿ ಚಾಚಾ. ಕುಕ್ಕರಗಾಲಲ್ಲಿ ಕೂತು, ಬೋಲ್ಟಿನ ತಲೆಯ ಗ್ರೀಸನ್ನು ಹೆಬ್ಬೆರಳಿಂದ ಒರೆಸಿ, ಅಲ್ಲಿದ್ದ 'ಎಲ್' ಅಕ್ಷರವನ್ನು ಎಲ್ಲರಿಗೂ ತೋರಿಸಿದ. ಪೈಪನ್ನು ಆಚೆ ಬದಿಗೆ ಹೊರಳಿಸಿ ಒಮ್ಮೆ ಅದುಮಿದ, ಬೋಲ್ಟು ಕಿರುಗುಟ್ಟಿ ಸಡಿಲವಾಯಿತು. ಜನ ಚಪ್ಪಾಳೆ ತಟ್ಟಿದರು. ನಾನು ಹೇಳಿದ್ದೂ ಇದನ್ನೇ ಎಂದೆ. ಆ ಮಾತಿಗೆ ಚಪ್ಪಾಳೆ ಬೀಳಲಿಲ್ಲ.

ಚಾಚಾನ ಅಪ್ಪ ಡಾಜ್ ಟ್ಯಾಕ್ಸಿ ಓಡಿಸುತ್ತಿದ್ದನಂತೆ. ಹುಡುಗನಾಗಿದ್ದಾಗ ಇವನೇ ಪಾನಾ ಹಿಡಿಯುತ್ತಿದ್ದನಂತೆ. ಆಮೇಲೆ ಇವನದು ಪದ್ಮಿನಿ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಪ್ಪತ್ತೇ ವರ್ಷದ ಆಯುಸ್ಸು, 2023ಕ್ಕೆ ಅದೂ ಮುಗಿಯಿತು. ಈಗ ಮಗನ ಕಾರನ್ನು ಪಾಳಿಯಲ್ಲಿ ಓಡಿಸುತ್ತಾನೆ, ಮೊಬೈಲ್ ಹೇಳಿದ ಕಡೆ ತಿರುಗುತ್ತಾನೆ. ಮಗನಿಗೆ ಬೋಲ್ಟು ಬಿಚ್ಚಲು ಬರುವುದಿಲ್ಲವಂತೆ. ನಾನು ಕೊಟ್ಟ ಹಣ ಬೇಡವೆಂದ, ಸ್ಟಿಯರಿಂಗ್ ಹಿಡಿದು ಎರಡು ನಿಮಿಷ ಕೂರಲು ಕೇಳಿದ. ನನ್ನ ಲೋಹಕ್ಕೆ ಪರಂಪರೆ ಎಂದು ಮುದ್ರೆ ಒತ್ತಿದ ಸರ್ಕಾರದ ಯಾವ ಪಟ್ಟಿಯಲ್ಲೂ ಅಂಥ ಕೈಗಳಿಗೆ ಕಲಂ ಇಲ್ಲ.

ಹಳೆಯ ಅಮೆರಿಕನ್ ಕಾರಿನ ಆಸೆ ನಿಮಗೂ ಇದ್ದರೆ ನಾನು ತಡೆಯುವುದಿಲ್ಲ, ಸುಖವೇನೋ ಇದೆ. ಆದರೆ ಮೊದಲು ಮಿಸ್ತ್ರಿಯನ್ನು ಹುಡುಕಿ, ಅವನ ವಯಸ್ಸು ಕೇಳಿ, ಅವನ ಕೈಕೆಳಗೆ ಕಲಿಯುವ ಹುಡುಗರು ಯಾರಾದರೂ ಇದ್ದಾರೆಯೇ ನೋಡಿ. ಕಾರಿನ ಬೆಲೆ ಆಮೇಲೆ ಕೇಳಬಹುದು.