ಮನಾಲಿಗೇ ಕರೆದೊಯ್ಯುವ ಮಹನೀಯರಿಗೆ

ಪರಮಪೂಜ್ಯ ಪ್ಯಾಕೇಜ್ ಟೂರ್ ಮಾಲೀಕರ ಸನ್ನಿಧಾನಕ್ಕೆ, ತಮ್ಮ ಬಸ್ಸಿನ ಕೊನೆ ಸೀಟಿನ ಗಿರಾಕಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ.

ಬೆಟ್ಟ ನೋಡಬೇಕು ಅಂತ ಯಾರೇ ತಮ್ಮ ಆಫೀಸಿಗೆ ಬರಲಿ, ಕುರ್ಚಿ ಎಳೆದು ಕೂರುವ ಮೊದಲೇ ಸಿಮ್ಲಾ–ಕುಲು–ಮನಾಲಿಯ ಬಣ್ಣದ ಹಾಳೆ ಅವರ ಕೈಯಲ್ಲಿರುತ್ತದೆ. ಯೋಚಿಸುವ ಕಷ್ಟವನ್ನೇ ತಪ್ಪಿಸುವ ಈ ಔದಾರ್ಯಕ್ಕೆ ನಾವು ಋಣಿಗಳು. ನಾನು ಅಧಿಕಪ್ರಸಂಗಿ, ಅರುಣಾಚಲ ಪ್ರದೇಶದ ಹೆಸರೆತ್ತಿದೆ. ತಾವು ಕ್ಯಾಲ್ಕುಲೇಟರಿನಿಂದ ತಲೆಯೆತ್ತದೆ, "ಅಲ್ಲೇನಿದೆ ಸಾರ್?" ಅಂದಿರಿ. 83,743 ಚದರ ಕಿಲೋಮೀಟರ್ ವಿಸ್ತಾರದ ರಾಜ್ಯವನ್ನು ಎರಡೇ ಪದದಲ್ಲಿ ಮುಗಿಸುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ.

"ಜನಾನೇ ಇರಲ್ಲ, ಬೋರು" ಅಂತಲೂ ಎಚ್ಚರಿಸಿದಿರಿ. ನಿಜ ಪ್ರಭುವೆ. 2011ರ ಜನಗಣತಿಯಂತೆ ಅಲ್ಲಿ ಚದರ ಕಿಲೋಮೀಟರಿಗೆ 17 ಜನ, ದೇಶದಲ್ಲೇ ಅತಿ ಕಡಿಮೆ. ಅಂಥ ಒಂಟಿತನಕ್ಕೆ ನಮ್ಮನ್ನು ನೂಕದೆ ರೋಹ್ತಾಂಗ್ ದಾರಿಯ ವಾಹನಗಳ ಸಾಲಿನಲ್ಲಿ ಅರ್ಧ ಭಾರತದ ಜೊತೆ ನಿಲ್ಲಿಸಿದಿರಿ. ಬಾಡಿಗೆ ಕೋಟಿನ ಉಪಕಾರವನ್ನಂತೂ ಮರೆಯುವಂತಿಲ್ಲ. ಬೆನ್ನ ಮೇಲೆ ಅಂಗಡಿಯ ನಂಬರು, ಒಳಗಡೆ ಹಿಂದಿನವರ ಬೆವರು, ಕಿತ್ತುಹೋದ ಜಿಪ್ಪಿಗೆ ಒಂದು ಸೇಫ್ಟಿ ಪಿನ್ನು. ತೋಳು ಮೊಣಕೈ ದಾಟದಿದ್ದರೂ ತಮ್ಮ ಮ್ಯಾನೇಜರು "ಸೂಪರ್ ಆಗಿ ಕಾಣ್ತೀರ ಸಾರ್" ಎಂದರು.

ಸಿಮ್ಲಾದ ಜಾಖೂ ಗುಡ್ಡದಲ್ಲಿ ನಮ್ಮ ಭಾವನವರ ಕನ್ನಡಕವನ್ನು ಕೋತಿಯೊಂದು ಕಿತ್ತುಕೊಂಡು ಹೋದದ್ದನ್ನು ತಾವು "ಲೋಕಲ್ ಎಕ್ಸ್‌ಪೀರಿಯೆನ್ಸ್" ಎಂದು ಕರೆದು ಸಮಾಧಾನ ಮಾಡಿದಿರಿ. ಪ್ರಸಾದದ ಪೊಟ್ಟಣ ಎಸೆದ ಮೇಲೆ ಕನ್ನಡಕ ವಾಪಸು ಬಂತು, ಒಂದು ಗಾಜು ಮಾತ್ರ ಕೋತಿಯ ಹತ್ತಿರವೇ ಉಳಿಯಿತು. ಇಷ್ಟು ಒಳ್ಳೆಯ ಕೋತಿಯಿರುವಾಗ, 2005ರಲ್ಲಿ ವಿಜ್ಞಾನಕ್ಕೆ ಹೊಸ ಪ್ರಭೇದವೆಂದು ದಾಖಲಾದ ಅರುಣಾಚಲದ ಮಂಗ ಯಾರಿಗೆ ಬೇಕು? ಅದನ್ನು ಗುರುತಿಸಿದ ತಂಡದಲ್ಲಿ ನಮ್ಮ ಮೈಸೂರು, ಬೆಂಗಳೂರಿನ ಸಂಸ್ಥೆಗಳ ಸಂಶೋಧಕರೇ ಇದ್ದರಂತೆ, ಇರಲಿ ಬಿಡಿ. ಮರುವರ್ಷ ಅಲ್ಲಿನ ಈಗಲ್‌ನೆಸ್ಟ್ ಕಾಡಿನಿಂದ ಬುಗುನ್ ಲಿಯೋಸಿಕ್ಲಾ ಎಂಬ ಹೊಸ ಹಕ್ಕಿಯೂ ಬೆಳಕಿಗೆ ಬಂತು. ಆದರೆ ಹೆಸರಿನ ಕೊನೆಗೆ "ಪಾಯಿಂಟ್" ಅಂತ ಇಲ್ಲದ ಯಾವುದೂ ತಮ್ಮ ಪಟ್ಟಿಗೆ ಸೇರುವುದಿಲ್ಲವೆಂಬುದು ನನಗೆ ಗೊತ್ತಿದೆ.

ಇನ್ನು ಊಟ. "ಅಲ್ಲಿ ನಮ್ಮವರಿಗೆ ಊಟ ಸೇರಲ್ಲ" ಎಂಬ ತಮ್ಮ ಕಾಳಜಿಗೆ ನಾಲಿಗೆ ಸದಾ ಕೃತಜ್ಞ. ಅಡುಗೆ ಭಟ್ಟರನ್ನು, ಗ್ಯಾಸ್ ಸಿಲಿಂಡರನ್ನು, ಪುಳಿಯೋಗರೆ ಗೊಜ್ಜಿನ ಡಬ್ಬಿಯನ್ನು ಹಿಮಾಲಯದ ತನಕ ಹೊತ್ತು, ಬಿಯಾಸ್ ನದಿಯ ದಡದಲ್ಲೂ ಪೇಪರ್ ಪ್ಲೇಟಿನಲ್ಲಿ ಬಿಸಿಬೇಳೆಬಾತ್ ಬಡಿಸಿದವರು ತಾವು. ಅರುಣಾಚಲದವರು ತಿನ್ನುವುದು ಬಿದಿರಿನ ಮೊಳಕೆ. ಕೊಡಗಿನವರೂ ಮಲೆನಾಡಿನವರೂ ಮಳೆಗಾಲದಲ್ಲಿ ಕಳಲೆ ಅಂತ ಹುಡುಕಿ ತಿನ್ನುವುದೂ ಅದನ್ನೇ, ಆದರೆ ತಾವು ಹೇಳಿದ ಮೇಲೆ ಸೇರುವುದಿಲ್ಲ ಎಂದರೆ ಸೇರುವುದಿಲ್ಲ. ತಮ್ಮ ಅಪ್ಪಣೆಯಿಲ್ಲದೆ ಝೀರೋ ಕಣಿವೆಗೆ ಹೋದಾಗ ಅಪತಾನಿ ಜನರ ಗದ್ದೆಯ ಅಂಚಿನಲ್ಲಿ ನಿಂತು ನೋಡಿದೆ. ಎತ್ತು ಕಟ್ಟಿ ಉಳುವ ಪದ್ಧತಿಯಿಲ್ಲ, ಎಲ್ಲ ಕೈಗೆಲಸ. ಭತ್ತದ ಬುಡದ ನೀರಿನಲ್ಲಿ ಮೀನು ಸಾಕಿದ್ದಾರೆ. ಗದ್ದೆಯಲ್ಲಿ ನೀರು ಇಳಿದರೆ ಮೀನಿಗೆಂದೇ ನಡುವೆ ಒಂದು ಕಾಲುವೆ ತೋಡಿದ್ದಾರೆ. ಬದುವಿನ ಮೇಲೆ ಏನು ಬೆಳೆದಿದ್ದಾರೆ ಗೊತ್ತೇ ಅನ್ನದಾತರೆ? ರಾಗಿ! ತಮ್ಮ ಭಟ್ಟರಿಗೆ ತಿಳಿಸಬೇಡಿ, ಮನಸ್ಸಿಗೆ ಹಚ್ಚಿಕೊಂಡಾರು.

ಪರ್ಮಿಟ್ಟಿನ ತಲೆನೋವಿನಿಂದಲೂ ಕಾಪಾಡಿದ್ದೀರಿ. ಅರುಣಾಚಲಕ್ಕೆ ಹೋಗಲು ಬೇಕಾದ, ಬ್ರಿಟಿಷರ 1873ರ ಕಾಯ್ದೆಯಿಂದ ಬಂದ ಇನ್ನರ್ ಲೈನ್ ಪರ್ಮಿಟ್ ಈಗ ಮನೆಯಲ್ಲಿ ಕೂತು ಆನ್‌ಲೈನಿನಲ್ಲೇ ಮಾಡಿಸಬಹುದು. ರೋಹ್ತಾಂಗಿಗೆ ಹೋಗುವ ಗಾಡಿಗೂ ಪರ್ಮಿಟ್ ಬೇಕು. ಅದು ಮಾತ್ರ ತಮ್ಮ ಕೃಪೆಯಿಂದ "ಪ್ಯಾಕೇಜಿನಲ್ಲೇ ಸೇರಿದೆ" ಆಗುತ್ತದೆ.

"ದೂರ ಸಾರ್, ತುಂಬಾ ದೂರ." ಈ ಮಾತನ್ನು ಅರ್ಧ ಒಪ್ಪುತ್ತೇನೆ. ಗುವಾಹಟಿಯಿಂದ ಭಾಲುಕ್‌ಪೋಂಗ್, ಬೊಮ್‌ಡಿಲಾ, ದಿರಾಂಗ್ ದಾಟಿ ತವಾಂಗ್ ಸೇರುವಷ್ಟರಲ್ಲಿ ಸೊಂಟ ಹಿಡಿಯುತ್ತದೆ, ಮಳೆಗಾಲದಲ್ಲಿ ಗುಡ್ಡ ಕುಸಿದರೆ ಕಾಯಲೂಬೇಕು. ಅದೇ ದಾರಿಯ ಸೇಲಾ ಕಣಿವೆ ಮಾರ್ಗದ ಹಿಮದ ಗೋಳನ್ನು 2024ರ ಮಾರ್ಚಿನಲ್ಲಿ ಉದ್ಘಾಟನೆಯಾದ ಸುರಂಗ ಎಷ್ಟೋ ತಗ್ಗಿಸಿದೆ. ಕೊನೆಗೆ ಸಿಗುವುದು ಹತ್ತು ಸಾವಿರ ಅಡಿ ಎತ್ತರದಲ್ಲಿ, ಹದಿನೇಳನೇ ಶತಮಾನದಲ್ಲಿ ಕಟ್ಟಿದ, ದೇಶದ ಅತಿ ದೊಡ್ಡ ಬೌದ್ಧ ಮಠ. ಆರನೇ ದಲಾಯಿ ಲಾಮಾ ಹುಟ್ಟಿದ್ದು ಅದೇ ಸೀಮೆಯಲ್ಲಿ. ಈಗಿನ ದಲಾಯಿ ಲಾಮಾ 1959ರಲ್ಲಿ ಟಿಬೆಟ್ ಬಿಟ್ಟು ಗಡಿ ದಾಟಿ ಕಾಲಿಟ್ಟದ್ದೂ ಅಲ್ಲಿಗೇ. ಅವರ ಹಿಂದೆ ಬಂದ ನಿರಾಶ್ರಿತರಿಗೆ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿತು. ಪ್ರತಿ ಭಾನುವಾರ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ಲಿಗೆ ಬಸ್ಸು ಬಿಟ್ಟು, "ಇಪ್ಪತ್ತು ನಿಮಿಷ, ಫೋಟೋ ತಗೊಂಡು ಬನ್ನಿ" ಎಂದು ಕೂಗುವ ತಮಗೆ ಈ ಕಥೆ ಗೊತ್ತಿರಲೇಬೇಕೆಂದು ನನ್ನ ಹಟವೇನಿಲ್ಲ.

ಬರುವ ವರ್ಷದಿಂದ ತಾವೂ ಅರುಣಾಚಲಕ್ಕೆ ಬಸ್ಸು ಬಿಡುತ್ತೀರೆಂಬ ಸುದ್ದಿ ಕಿವಿಗೆ ಬಿದ್ದು ಕಂಗಾಲಾಗಿ ಈ ಪತ್ರ ಬರೆಯುತ್ತಿದ್ದೇನೆ ದಯಾನಿಧಿಗಳೆ. ಹಾಗೇನಾದರೂ ಆದರೆ ಪಾದಕ್ಕೆ ಎರಡು ಅರಿಕೆ. ತವಾಂಗ್ ಮೇಲಿನ ಸಂಗೆತ್ಸರ್ ಸರೋವರಕ್ಕೆ, 1997ರ "ಕೋಯ್ಲಾ" ಸಿನಿಮಾದಲ್ಲಿ ಮಾಧುರಿ ದೀಕ್ಷಿತ್ ಕುಣಿದ ಪುಣ್ಯಕ್ಕೆ, ಮಾಧುರಿ ಲೇಕ್ ಎಂದೇ ಹೆಸರು ಬಿದ್ದಿದೆ. ಇನ್ನುಳಿದ ಕೆರೆಗಳಿಗೂ ತಾವು ನಾಯಕಿಯರನ್ನು ಹುಡುಕದಿರಿ. ಎರಡನೆಯದು, ಬರುವ ಅಕ್ಟೋಬರಿನಲ್ಲಿ ನಾನು ಮತ್ತೆ ಆ ಕಡೆ ಹೊರಟಿದ್ದೇನೆ. ಟಿಕೆಟ್ಟೂ ಆಗಿದೆ, ಪರ್ಮಿಟ್ಟೂ ಆಗಿದೆ. ದಯಮಾಡಿ ಫೋನ್ ಮಾಡಿ, "ಸಾರ್, ಅದೇ ರೇಟಿಗೆ ಮನಾಲಿ ಹಾಕ್ಕೊಡ್ಲಾ?" ಅಂತ ಕೇಳಬೇಡಿ.

ಇಂತಿ ತಮ್ಮ ವಿಧೇಯ,
ಕೊನೆ ಸೀಟಿನ ಗಿರಾಕಿ