ಗೌಡ್ರ ಮನೆ ವಾರ್ಡು

ತ್ಯಾವಣಿಗೆ ಸೀಮೆಯಲ್ಲಿ ಭದ್ರಾ ನಾಲೆ ನೀರು ಹರಿದಲ್ಲೆಲ್ಲ ಅಡಿಕೆ ತೋಟ, ಅಡಿಕೆ ಇದ್ದಲ್ಲೆಲ್ಲ ಕಳ್ಳರ ಭಯ, ಕಳ್ಳರ ಭಯ ಇದ್ದಲ್ಲೆಲ್ಲ ನಾಯಿ. ಹೀಗೆ ಒಂದರ ಬೆನ್ನಿಗೊಂದು ಬಂದು ಕೊನೆಗೆ ಊರಿಗೊಬ್ಬ ‘ನಾಯಿ ಗೌಡ್ರು’ ತಯಾರಾಗುತ್ತಾರೆ. ತೋಟ ಕಾಯಲೆಂದು ಒಂದು ತಂದಿರುತ್ತಾರೆ, ಕರಿಯ. ಅದಕ್ಕೆ ಜೊತೆಗಿರಲೆಂದು ರಾಣಿ. ಯಾರೋ ಚೀಲದಲ್ಲಿ ಕಟ್ಟಿ ನಾಲೆ ಏರಿ ಮೇಲೆ ಬಿಟ್ಟುಹೋದದ್ದು ಮೂರನೆಯದು. ನೆಂಟರು ‘ಒಂದೇ ತಿಂಗಳು’ ಎಂದು ಬಿಟ್ಟುಹೋದ, ಫ್ಯಾನಿಲ್ಲದೆ ಮಲಗದ ಲ್ಯಾಬ್ರಡಾರು ನಾಲ್ಕನೆಯದು. ಈಗ ಗೌಡ್ರು ನಾಯಿ ಕಾಯುತ್ತಾರೆ, ತೋಟವನ್ನು ದೇವರು ಕಾಯುತ್ತಾನೆ.

ಬೆಳಿಗ್ಗೆ ಎದ್ದವರೇ ಗೌಡ್ರು ಕಣಕ್ಕೊಂದು ಸುತ್ತು ಹಾಕುತ್ತಾರೆ. ನೋಡುವುದು ಅಡಿಕೆ ಒಣಗಿದೆಯೇ ಎಂದಲ್ಲ. ರಾತ್ರಿ ಯಾರು ಏನು ಹೇತಿದ್ದಾರೆ ಎಂದು. ಒಂದೇ ನಾಯಿಯ ಮನೆಯಲ್ಲಿ ಭೇದಿ ಬರೀ ಕಾಯಿಲೆ. ನಾಲ್ಕಿರುವ ಮನೆಯಲ್ಲಿ ಅದೊಂದು ತನಿಖೆ. ಸಾಲಾಗಿ ಕೂತ ನಾಲ್ಕೂ ಒಂದೇ ಥರ ಮುಗ್ಧ ಮುಖ ಮಾಡುತ್ತವೆ. ಗೌಡ್ರು ಬಾಲ ಎತ್ತಿ ನೋಡಿ ತೀರ್ಪು ಕೊಡುವ ಹೊತ್ತಿಗೆ ಮನೆಯವರ ತಿಂಡಿ ಆಗಿರುತ್ತದೆ, ಆಗಬೇಕಿದ್ದವರಿಗೆ ಬೇಡವಾಗಿರುತ್ತದೆ.

ಆಮೇಲೆ ಮಾತ್ರೆ. ದಾವಣಗೆರೆ ಜಿಲ್ಲೆಯಲ್ಲಿ ಬೆಣ್ಣೆಗೆ ಬರವೇ? ಮಾತ್ರೆಗೆ ಬೆಣ್ಣೆ ಮೆತ್ತಿ ಕೊಟ್ಟರೆ ಜ್ವರದ ಕರಿಯ ಬೆಣ್ಣೆ ನೆಕ್ಕಿ ಮಾತ್ರೆ ಉಗುಳುತ್ತಾನೆ. ಏನೂ ಆಗದ ರಾಣಿ ಅದನ್ನು ಗುಳುಂ ಮಾಡುತ್ತಾಳೆ. ಅದಕ್ಕೇ ಕರಿಯನನ್ನು ಬಚ್ಚಲುಮನೆಗೆ ಒಯ್ದು ಬಾಗಿಲು ಹಾಕಿ ನುಂಗಿಸಬೇಕು. ಒಳಗೆ ಬಾಡೂಟ ನಡೆದಿದೆ ಎಂದು ಹೊರಗಿನ ಮೂರೂ ಬಾಗಿಲು ಕೆರೆಯುತ್ತವೆ.

‘ಅರ್ಧ ಪ್ಯಾರಾಸಿಟಮಾಲ್ ಹಾಕ್ರಿ ಗೌಡ್ರೇ’ ಎಂದವರಿಗೆ ಮಾತ್ರ ಪೂರ್ತಿ ಉಪನ್ಯಾಸ ಗ್ಯಾರಂಟಿ. ಮನುಷ್ಯರ ಮಾತ್ರೆ ನಾಯಿಗೆ ವಿಷವಾಗಬಹುದು. ಮೂಗು ಮುಟ್ಟಿ ಜ್ವರ ಹೇಳಬಾರದು, ಥರ್ಮಾಮೀಟರ್ ಇಡಬೇಕು. ನಾಯಿಗೆ 101ರಿಂದ 102.5 ಡಿಗ್ರಿ ಇದ್ದರೆ ಅದೇ ಆರೋಗ್ಯ. ಒಮ್ಮೆ ತಮಗೇ 101 ಬಂದಾಗ ‘ಕರಿಯಂಗೆ ದಿನಾ ಇಷ್ಟೇ ಇರ್ತೈತಿ’ ಎಂದು ಕಂಬಳಿ ಹೊದ್ದೇ ತೋಟಕ್ಕೆ ಹೋಗಿದ್ದರು. ಪಾರ್ವೋ ಬಂದುಹೋದ ಅಂಗಳದ ಮಣ್ಣಲ್ಲಿ ವೈರಸ್ಸು ತಿಂಗಳುಗಟ್ಟಲೆ ಬದುಕಿರುತ್ತದೆ, ಫಿನಾಯಿಲಿಗೆ ಜಗ್ಗುವುದಿಲ್ಲ, ಬ್ಲೀಚಿಂಗ್ ಪುಡಿಯೇ ಬೇಕು: ಇದೂ ಅವರ ಬಾಯಿಪಾಠ. ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ 28ಕ್ಕೆ ಕೆಂಪು ಸುತ್ತು. ಅದು ವಿಶ್ವ ರೇಬೀಸ್ ದಿನ. ರೇಬೀಸ್ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ 1895ರಲ್ಲಿ ತೀರಿಕೊಂಡ ದಿನ. ಗೌಡ್ರು ತಮ್ಮಪ್ಪನ ತಿಥಿ ಮರೆತರೂ ಪಾಶ್ಚರನದ್ದು ಮರೆಯುವುದಿಲ್ಲ. ಅವತ್ತು ನಾಲ್ಕನ್ನೂ ಆಟೋಕ್ಕೆ ತುಂಬಿಕೊಂಡು ದನದ ಆಸ್ಪತ್ರೆಗೆ ಹೋಗಲೇಬೇಕು.

ಅಡಿಕೆ ರೇಟು ಮಾತಾಡಲು ಬಂದ ಖೇಣಿದಾರನಿಗೂ ಬಿಡುಗಡೆ ಇಲ್ಲ. ‘ಅಡಿಕ್ಯಾಗೆ ಅರೆಕೋಲಿನ್ ಅಂತ ಐತಿ. ಹಿಂದೆ ನಾಯಿ ಹೊಟ್ಟೆ ಲಾಡಿಹುಳ ಕೆಡವಾಕೆ ಅದನ್ನೇ ಕೊಡ್ತಿದ್ರು. ನ್ಯೂಜಿಲೆಂಡ್‌ನಾಗೆ ಕುರಿ ಕಾಯೋ ನಾಯಿಗಳಿಗೂ ಅದೇ.’

‘ಹಂಗಾದ್ರೆ ನಿಮ್ ನಾಯಿಗೆ ಮನೆ ಅಡಿಕೇನೇ ಅರೆದು ಹಾಕ್ರಲ್ಲ?’

‘ಬ್ಯಾಡಪ್ಪಾ, ವಾಂತಿ ಭೇದಿ ಕಿತ್ಕಂಡು ಸತ್ತೇ ಹೋಗ್ತಾವು. ಈಗ ಬ್ಯಾರೆ ಮಾತ್ರೆ ಬಂದಾವು.’

ಹುಳದ ವರ್ಣನೆ ಮುಗಿಯುವಷ್ಟರಲ್ಲಿ ಖೇಣಿದಾರ ಗೌಡ್ರು ಕೇಳಿದ ರೇಟಿಗೇ ಒಪ್ಪಿರುತ್ತಾನೆ.

ಜಂತಿನ ಮಾತ್ರೆ ತೂಕ ನೋಡಿ ಕೊಡಬೇಕು. ಅಡಿಕೆ ತೂಗುವ ಕಾಟಾದ ಮೇಲೆ ನಾಯಿ ನಿಲ್ಲದು. ಗೌಡ್ರೇ ಎತ್ತಿಕೊಂಡು ನಿಂತು, ಬಂದ ತೂಕದಲ್ಲಿ ತಮ್ಮ 72 ಕೆಜಿ ಕಳೆಯುತ್ತಾರೆ. ಆ 72 ಮಗಳ ಮದುವೆ ಕಾಲದ್ದು. ಈ ಸಲ ತೂಗಿದರೆ ನಾಲ್ಕೂ ಆರಾರು ಕೆಜಿ ಏರಿವೆ. ಮೂರು ದಿನದಿಂದ ಅನ್ನ ಮುಟ್ಟದ ಕರಿಯನೂ! ಗೌಡ್ರು ಗಾಬರಿಯಿಂದ ದನದ ಡಾಕ್ಟ್ರಿಗೆ ಫೋನು ಹಚ್ಚಿದರು: ‘ಸಾರ್, ನಾಲ್ಕಕ್ಕೂ ಹೊಟ್ಟ್ಯಾಗೆ ನೀರು ತುಂಬ್ಕಂಡೈತೇನೋ!’

ಅತ್ತ ಕಡೆ ಕ್ಷಣ ಸದ್ದಿಲ್ಲ. ‘ಗೌಡ್ರೇ, ನಾಯಿ ಇಳಿಸಿ ನೀವೊಬ್ರೇ ಹತ್ತಿ ನೋಡ್ರಿ.’

ನಿಂತರು. 78.

ಗೌಡಶಾನಿ ಬಾಗಿಲಲ್ಲೇ ಇದ್ದರು. ‘ಕಾಟಾ ಕೆಟ್ಟೈತಿ’ ಎಂದರು ಗೌಡ್ರು, ಎಲ್ಲರಿಗೂ ಕೇಳುವಂತೆ.

ಕಟ್ಟೆ ಮೇಲೆ ಕೂತಿದ್ದ ಖೇಣಿದಾರ ಎದ್ದು ನಿಂತ. ‘ಕೆಟ್ಟೈತ್ರಾ? ಹಂಗಾದ್ರೆ ನಿನ್ನೆ ಇದೇ ಕಾಟಾದಾಗೆ ತೂಗಿದ ನಿಮ್ಮ ಹಸಿ ಅಡಿಕೆ ಲೆಕ್ಕ ಇನ್ನೊಮ್ಮೆ ನೋಡಾಣ್ರೀ ಗೌಡ್ರೇ. ಒಂದೊಂದು ಸಲಕ್ಕೂ ಆರು ಕೆಜಿ ಹಿಡೀರಿ.’

ಗೌಡ್ರು ಕರಿಯನ ಮುಖ ನೋಡಿದರು, ಖೇಣಿದಾರನ ಮುಖ ನೋಡಿದರು, ಕೊನೆಗೆ ಹೆಂಡತಿಯ ಮುಖ ನೋಡದೆ ಒಪ್ಪಿಕೊಂಡರು: ‘ಇಲ್ಲಪ್ಪಾ, ಕಾಟಾ ಸರಿ ಐತಿ. ನಾನೇ ದಪ್ಪ ಆಗೀನಿ.’